ತೊಟ್ಟಿಯಲ್ಲಿ ಹಾಜರಿ ಕಡಿಮೆ

"ಮೂವತ್ತೆಂಟು ಜನಾನ ಒಂದೇ ಆಫೀಸ್ ಹಾಲ್‌ನಲ್ಲಿ ಕೂರಿಸಿ, ಆರು ವರ್ಷ ಒಂದು ಜಗಳ ಆಗದ ಹಾಗೆ ನೋಡ್ಕೊಂಡಿದೀನಿ. ಹತ್ತು ಮೀನು ನನಗೆ ಯಾವ ಲೆಕ್ಕ ಕಣೇ!"

ಹೀಗೆಂದು ಎದೆ ಉಬ್ಬಿಸಿದವರು ಹೊಂದಾಣಿಕೆ ಸಾಹೇಬರು. ಇದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ದಯಪಾಲಿಸಿದ ಬಿರುದು. ಅಲ್ಲಿ ಯಾರ ಮೇಜು ಯಾರ ಪಕ್ಕ ಇರಬೇಕೆಂದು ತೀರ್ಮಾನಿಸುವುದು ಇವರ ಕೆಲಸ. ಫ್ಯಾನು ಬೇಕೆನ್ನುವವರನ್ನು ಬೇಡವೆನ್ನುವವರಿಂದ ದೂರ ಇಡುವುದು, ಫೋನಿನಲ್ಲಿ ಕಿರುಚುವವರ ಪಕ್ಕ ಕಿವಿ ಸ್ವಲ್ಪ ಮಂದವಾದವರನ್ನು ಕೂರಿಸುವುದು, ಪರಸ್ಪರ ಮುಖ ನೋಡದ ಇಬ್ಬರ ನಡುವೆ ಆಳೆತ್ತರದ ಬೀರು ನಿಲ್ಲಿಸುವುದು, ಎಲ್ಲ ಇವರದೇ ಪ್ರತಿಭೆ. ಬೀರು ನಿಲ್ಲಿಸಿದ ದಿನ ಇಬ್ಬರೂ ಬಂದು ಕೈ ಕುಲುಕಿದ್ದರು ಎಂದು ಇವರು ಹೇಳುತ್ತಾರೆ. ನೋಡಿದ ಸಾಕ್ಷಿಗಳು ಯಾರೂ ಇಲ್ಲ.

ಅವರ ಹೆಂಡತಿ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಾರೆ. ಆ ವಾರ ಕ್ಲಿನಿಕ್ಕಿಗೆ ಬಣ್ಣ ಹೊಡೆಸುತ್ತಿದ್ದರು. ಕಾಯುವ ಕೋಣೆಯ ಅಕ್ವೇರಿಯಮ್ಮಿನಲ್ಲಿದ್ದ ಹತ್ತು ನಿಯಾನ್ ಟೆಟ್ರಾಗಳನ್ನು, ಅಂದರೆ ಬೆರಳಿನ ಒಂದು ಗೆಣ್ಣಿನಷ್ಟುದ್ದದ, ನೀಲಿ ಕೆಂಪು ಪಟ್ಟಿಯ ಮೀನುಗಳನ್ನು, ಡಾಕ್ಟರಮ್ಮ ನಂಬಿ ತೊಟ್ಟಿ ಸಮೇತ ಆಕೆಯ ಕೈಗೆ ಕೊಟ್ಟಿದ್ದರು. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಅಳು ನಿಲ್ಲಿಸುವುದೇ ಈ ಮೀನುಗಳನ್ನು ನೋಡಿ.

"ನೋಡ್ರೀ, ಭಾನುವಾರ ಹನ್ನೊಂದಕ್ಕೆ ಡಾಕ್ಟರಮ್ಮ ಬಂದು ತಗೊಂಡು ಹೋಗ್ತಾರೆ. ಹತ್ತು ಅಂದ್ರೆ ಹತ್ತು ಇರಬೇಕು. ಹನ್ನೊಂದು ವರ್ಷದಲ್ಲಿ ನಾನು ಅವರ ಒಂದು ಚಮಚ ಕಳೆದಿಲ್ಲ."

"ಬರೀ ಹತ್ತೇ ಇದ್ರೆ ತೊಟ್ಟಿ ಬಿಕೋ ಅನ್ನುತ್ತೆ. ಒಬ್ಬ ಹಿರಿಯರು ಬೇಕು!"

ಸಾಹೇಬರು ಸೋಮವಾರ ಸಂಜೆಯೇ ಮೀನಿನ ಅಂಗಡಿಗೆ ನುಗ್ಗಿ ಸಂದರ್ಶನ ಶುರುಮಾಡಿದರು. ಪಟ್ಟೆ ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. "ಗುಂಪುಗಾರಿಕೆ. ಬೇಡ." ಕೆಂಪು ರೆಕ್ಕೆಯದೊಂದು ಗಾಜಿಗೆ ಮುಖ ಕೊಟ್ಟು ಗುರಾಯಿಸಿತು. "ಅಹಂಕಾರ. ಬೇಡ." ಕೊನೆಗೆ ಅಗಲವಾದ ರೆಕ್ಕೆ ಬೀಸಿಕೊಂಡು ನಿಧಾನಕ್ಕೆ ಹೋಗುತ್ತಿದ್ದ ಏಂಜೆಲ್ ಫಿಶ್ ಕಣ್ಣಿಗೆ ಬಿತ್ತು. ಅದರ ಗಾಂಭೀರ್ಯ ನೋಡಿ, ಮೂವತ್ತು ವರ್ಷ ಸೇವೆಯಲ್ಲಿ ಒಮ್ಮೆಯೂ ದನಿ ಏರಿಸದ ತಮ್ಮ ಕಚೇರಿಯ ಹೆಡ್ ಕ್ಲಾರ್ಕರೇ ಕಣ್ಮುಂದೆ ಬಂದು ಸಾಹೇಬರಿಗೆ ಗೌರವ ಉಕ್ಕಿತು.

"ಸಾರ್, ಚಿಕ್ಕ ಮೀನಿನ ಜೊತೆ ಅದನ್ನ ಬಿಡೋದು..." ಅಂಗಡಿಯವನು ಬಾಯಿ ತೆರೆದ.

"ಮನುಷ್ಯರನ್ನೇ ಹೊಂದಿಸಿದೀನಪ್ಪ! ನೀನು ಪ್ಯಾಕ್ ಮಾಡು."

ಜೊತೆಗೆ ಗಾಜು ನೆಕ್ಕಿ ಸ್ವಚ್ಛ ಮಾಡುವ ಕಪ್ಪು ಮೀನೊಂದನ್ನೂ ಜಾಡಮಾಲಿ ಹುದ್ದೆಗೆ ನೇಮಿಸಿಕೊಂಡು ಬಂದರು. ತೊಟ್ಟಿಯ ಹಿಂದೆ ನೇತುಹಾಕಿದ ಫಿಲ್ಟರ್ ಡಬ್ಬಿಯಿಂದ ನೀರು ಜೋರಾಗಿ ಬೀಳುತ್ತಿರಲಿಲ್ಲ. ನೀರೆಳೆಯುವ ಕೊಳವೆಯ ಬಾಯಿಗೆ ಸಿಕ್ಕಿಸಿದ್ದ ಸ್ಪಂಜು ಅಡ್ಡಿಯಾಗಿದೆ ಎಂದು ಅದನ್ನು ಕಿತ್ತು ಬಿಸಾಡಿದರು. ನೀರು ಜಲಪಾತವಾಗಿ ಸುರಿಯಿತು. ಸಾಹೇಬರು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

ಮಂಗಳವಾರ ಬೆಳಗ್ಗೆ ಹಾಜರಿ ತೆಗೆದುಕೊಂಡರು. ಒಂಬತ್ತು.

"ಒಂದು ಎಲ್ಲೋ ಗಿಡದ ಹಿಂದೆ ಇರಬೇಕು. ಲೇಟಾಗಿ ಬರುತ್ತೆ."

ಬುಧವಾರ ಎಂಟು. ಗುರುವಾರ ಆರು! ಗೈರುಹಾಜರಿ ಈ ವೇಗದಲ್ಲಿ ಕಚೇರಿಯಲ್ಲೂ ಏರಿರಲಿಲ್ಲ. ಏಂಜೆಲ್ ಫಿಶ್ ಮಾತ್ರ ಏನೂ ಅರಿಯದ ಮುಖ ಮಾಡಿಕೊಂಡು ತೊಟ್ಟಿಯ ನಡುವೆ ತೇಲುತ್ತಿತ್ತು.

ಹೆಂಡತಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಗಂಡನ ಕಡೆ ತಿರುಗಿದರು.

"ನಿಮ್ಮ ಹಿರಿಯರು ತಿಂಡಿ ಮುಗಿಸಿದ ಹಾಗಿದೆ."

"ಛೆ ಛೆ! ಅದರ ಮುಖ ನೋಡು. ಆ ಕೆಲಸ ಮಾಡೋ ಮುಖಾನಾ ಅದು?"

"ಮುಖ ನೋಡಿ ತಂದಿರಲ್ಲ, ಈಗ ಹೊಟ್ಟೆ ನೋಡಿ!"

ಹಿರಿಯರನ್ನು ತಕ್ಷಣ ಅಮಾನತಿನಲ್ಲಿಟ್ಟರು. ಅಂದರೆ ಬಚ್ಚಲುಮನೆಯ ನೀಲಿ ಬಕೆಟ್ಟಿಗೆ ವರ್ಗ ಮಾಡಿದರು. ಅಂದಿನಿಂದ ಸಾಹೇಬರು ಚೊಂಬಿನಲ್ಲೇ ಸ್ನಾನ ಮುಗಿಸತೊಡಗಿದರು.

ಆದರೆ ಶುಕ್ರವಾರ ಐದೇ ಮೀನು! ಆಪಾದಿತರು ಬಕೆಟ್ಟಿನಲ್ಲಿದ್ದಾಗಲೇ ಇನ್ನೊಂದು ಮಾಯ! ಸಂಶಯ ಜಾಡಮಾಲಿಯ ಮೇಲೆ ತಿರುಗಿತು. ಸಾಹೇಬರು ಅದನ್ನು ಹಿಡಿದು, ಕೈಗೆ ಸಿಕ್ಕ ಪಾತ್ರೆಗೆ ನೀರು ತುಂಬಿ ಬಿಟ್ಟು ಕಚೇರಿಗೆ ಹೋದರು. ಹತ್ತೂವರೆಗೆ ಫೋನು ಬಂತು.

"ರೀ! ಕುಕ್ಕರ್ ಒಳಗೆ ಏನೋ ಅಲ್ಲಾಡ್ತಿದೆ!"

"ಅಯ್ಯೋ, ಅಕ್ಕಿ ಹಾಕ್ಬೇಡ ಕಣೇ! ಅವನು ವಿಚಾರಣೇಲಿದಾನೆ!"

ಶನಿವಾರ ನಾಲ್ಕೇ ಉಳಿದವು. ತೊಟ್ಟಿಯಲ್ಲಿ ಅವುಗಳ ಹೊರತು ಬೇರೆ ಜೀವವಿಲ್ಲ. ಸಾಹೇಬರು ಹೆಂಡತಿಯತ್ತ ಅನುಮಾನದ ದೃಷ್ಟಿ ಬೀರಿದರು.

"ಹೌದು, ಒಗ್ಗರಣೆ ಹಾಕ್ಕೊಂಡು ನಾನೇ ತಿಂದೆ!" ಎಂದರು ಹೆಂಡತಿ. ಆಮೇಲೆ ಕುರ್ಚಿಯಲ್ಲಿ ಕೂತು, ಸಣ್ಣ ದನಿಯಲ್ಲಿ, "ನಾಳೆ ಅವರಿಗೆ ಹೇಗ್ರೀ ಮುಖ ತೋರಿಸ್ಲಿ?" ಎಂದರು. ಬೈದಿದ್ದರೆ ಸಾಹೇಬರು ತಡೆದುಕೊಳ್ಳುತ್ತಿದ್ದರು. ಈ ಸಣ್ಣ ದನಿ ಕೇಳಿ ಅವರ ಜಂಬವೆಲ್ಲ ಸರ್ರನೆ ಇಳಿಯಿತು. ಹನ್ನೊಂದು ವರ್ಷ ಆಕೆ ಕಾಪಾಡಿಕೊಂಡ ನಂಬಿಕೆಯನ್ನು ತಾವು ಐದು ದಿನದಲ್ಲಿ ನೀರುಪಾಲು ಮಾಡಿದ್ದರು.

ಭಾನುವಾರ ಬೆಳಗ್ಗೆ ಸಾಹೇಬರು ಹೆಲ್ಮೆಟ್ ಎತ್ತಿಕೊಂಡರು. "ಕಟಿಂಗ್ ಮಾಡಿಸ್ಕೊಂಡು ಬರ್ತೀನಿ."

"ನಾನೂ ಟೈಲರ್ ಹತ್ರ ಹೋಗ್ಬೇಕು," ಎಂದರು ಹೆಂಡತಿ, ಚೀಲ ಹುಡುಕುತ್ತ.

ಹತ್ತು ಗಂಟೆಗೆ ಸಾಹೇಬರು ಮರಳಿದಾಗ ಅವರ ತಲೆಯ ಮೇಲೆ ಹೋಗುವಾಗ ಇದ್ದಷ್ಟೇ ಕೂದಲಿತ್ತು. ಹೆಲ್ಮೆಟ್ಟಿನೊಳಗೆ ಮಾತ್ರ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವಿತ್ತು, ಚೀಲದೊಳಗೆ ಆರು ಹೊಚ್ಚ ಹೊಸ ಟೆಟ್ರಾಗಳು.

"ಕಟಿಂಗ್ ಎಲ್ರೀ?" ಅಡುಗೆಮನೆಯಿಂದ ಪ್ರಶ್ನೆ ಬಂತು.

"ಸಿಕ್ಕಾಪಟ್ಟೆ ಜನ. ಟೈಲರ್ ಏನಂದ?"

"ಬಾಗಿಲು ಹಾಕಿತ್ತು."

ಹೊಸಬರನ್ನು ಒಳಗೆ ಬಿಡುವ ಮುಂಚೆ ಸಾಹೇಬರು ತೊಟ್ಟಿ ನೋಡಿದರು. ಜಲಪಾತ ಈಗ ಮೂಗು ಸೋರಿದಷ್ಟಕ್ಕೆ ಇಳಿದಿತ್ತು. ಡಬ್ಬಿಯಲ್ಲಿ ಕಸ ಸಿಕ್ಕಿರಬೇಕೆಂದು ಸ್ವಿಚ್ ಆರಿಸಿ, ಮುಚ್ಚಳ ತೆಗೆದು ಇಣುಕಿದರು.

ಒಳಗಿನಿಂದ ಯಾರೋ ಇವರನ್ನು ಇಣುಕಿ ನೋಡಿದರು!

ಒಂದು, ಎರಡು, ಮೂರು... ಆರೂ ಅಲ್ಲಿದ್ದವು! ಸ್ಪಂಜಿಲ್ಲದ ಕೊಳವೆಯ ಬಾಯಿ ಅವನ್ನು ಒಂದೊಂದಾಗಿ ಒಳಗೆಳೆದು ಡಬ್ಬಿಗೆ ತುಂಬಿತ್ತು. ಹಾಕಿದ ಆಹಾರದಲ್ಲಿ ಅರ್ಧ ಅದೇ ದಾರಿಯಲ್ಲಿ ಬರುತ್ತಿದ್ದುದರಿಂದ, ಹೊರಗಿನವಕ್ಕಿಂತ ಒಳಗಿನವೇ ಚೆನ್ನಾಗಿ ಮೈತುಂಬಿಕೊಂಡಿದ್ದವು.

"ಬಾರೇ! ಬೇಗ ಬಾ! ಇದಾವೆ! ಎಲ್ಲಾ ಇದಾವೆ!"

ಹೆಂಡತಿ ಸೌಟು ಹಿಡಿದೇ ಓಡಿ ಬಂದರು, ಇಣುಕಿದರು, ಸೌಟು ಕೈಬಿಟ್ಟು ಎರಡೂ ಕೈಯಲ್ಲಿ ಗಂಡನ ತೋಳು ಹಿಡಿದುಕೊಂಡರು. ಹೋದ ಜೀವ ಬಂದಂತಾಗಿ ಇಬ್ಬರೂ ಸೇರಿ ಆರನ್ನೂ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟರು. ಹತ್ತು! ಮತ್ತೆ ಎಣಿಸಿದರು. ಹತ್ತೇ! ಖುಷಿಗೆ ಕುಣಿದಾಡಬೇಕೆನಿಸಿ ಸಾಹೇಬರು ಹೆಲ್ಮೆಟ್ಟನ್ನು ಎತ್ತಿ ತೋರಿಸಿದರು.

"ಹಾಗಾದ್ರೆ ಈ ಆರನ್ನ ಏನ್ ಮಾಡೋದು?"

ಹೆಂಡತಿ ಚೀಲವನ್ನು ನೋಡಿದರು. ಅಡುಗೆಮನೆಗೆ ಹೋಗಿ, ತರಕಾರಿ ಬುಟ್ಟಿಯಲ್ಲಿ ಕೊತ್ತಂಬರಿ ಸೊಪ್ಪಿನಡಿಯಿಂದ ಅದೇ ಅಂಗಡಿಯ ಅಂಥದೇ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟರು. ಅದರಲ್ಲೂ ಆರು!

"ನೀನೂ...?"

"ಡಾಕ್ಟರಮ್ಮ ಕೇಳಿದ್ರೆ ನನ್ನಿಂದ ಸುಳ್ಳು ಹೇಳೋಕೆ ಆಗ್ತಿರ್ಲಿಲ್ಲ. ಇವರಿಂದ ಹೀಗಾಯ್ತು ಅಂತ ಅವರ ಮುಂದೆ ನಿಮ್ಮನ್ನ ಬಿಟ್ಟುಕೊಡೋಕೂ ಮನಸ್ಸಾಗ್ಲಿಲ್ಲ."

ಸಾಹೇಬರು ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಒಳಗೆ ಬಂದ ಡಾಕ್ಟರಮ್ಮ ತೊಟ್ಟಿಯಲ್ಲಿ ಹತ್ತನ್ನೂ, ಮೇಜಿನ ಮೇಲೆ ಹನ್ನೆರಡನ್ನೂ ನೋಡಿ ಹುಬ್ಬೇರಿಸಿದರು. ಮುಚ್ಚಿಡುವ ತ್ರಾಣ ಯಾರಲ್ಲೂ ಉಳಿದಿರಲಿಲ್ಲ. ಸಾಹೇಬರು ಸ್ಪಂಜು, ಕುಕ್ಕರಿನಿಂದ ಹಿಡಿದು ಕಟಿಂಗ್, ಟೈಲರಿನವರೆಗೆ ಎಲ್ಲವನ್ನೂ ಒಪ್ಪಿಕೊಂಡರು. ಡಾಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಎಲ್ಲಿ, ಆ ಆಪಾದಿತರನ್ನ ತೋರಿಸಿ," ಎಂದರು.

ಬಕೆಟ್ಟಿನ ಮುಂದೆ ಬಗ್ಗಿ ಏಂಜೆಲ್ ಫಿಶ್ಶಿನ ಬಾಯನ್ನು ತದೇಕಚಿತ್ತದಿಂದ ಪರೀಕ್ಷಿಸಿದರು. ಇಪ್ಪತ್ತು ವರ್ಷದಿಂದ ಬಾಯಿ ನೋಡುವುದೇ ಅವರ ಕೆಲಸ.

"ನಿರ್ದೋಷಿ. ಇದಿನ್ನೂ ಮರಿ. ಈ ಬಾಯಿಗೆ ಟೆಟ್ರಾ ಹಿಡಿಸಲ್ಲ."

"ನಾನು ಹೇಳಿರ್ಲಿಲ್ವಾ!" ಸಾಹೇಬರಿಗೆ ಆನೆ ಬಲ ಬಂತು. "ಮುಖ ನೋಡಿದ ತಕ್ಷಣ ನನಗೆ..."

"ಇನ್ನಾರು ತಿಂಗಳಿಗೆ ಹಿಡಿಸುತ್ತೆ. ಆಮೇಲೆ ನೀವು ಯಾವ ಡಬ್ಬಿ ತೆಗೆದು ನೋಡಿದ್ರೂ ಒಂದೂ ಸಿಗಲ್ಲ. ಇದನ್ನೂ ಅವನ್ನೂ ಒಟ್ಟಿಗೆ ಸಾಕೋದೇ ತಪ್ಪು, ಸಾಹೇಬ್ರೆ."

ಸಾಹೇಬರು ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂತರು. "ಹಾಗಾದ್ರೆ ಯಾವುದಕ್ಕೆ ಯಾವುದು ಹೊಂದುತ್ತೆ ಅಂತ ನೀವೇ ಹೇಳಿ ಡಾಕ್ಟ್ರೇ. ಇನ್ಮೇಲೆ ನಾನು ತುಟಿ ಪಿಟಕ್ ಅನ್ನಲ್ಲ."

ಡಾಕ್ಟರಮ್ಮ ಗಂಡನನ್ನೂ ಹೆಂಡತಿಯನ್ನೂ ಒಮ್ಮೆ ನೋಡಿದರು.

"ಒಂದೇ ಬೆಳಗ್ಗೆ, ಒಂದೇ ಅಂಗಡಿಗೆ, ಇಬ್ಬರೂ ಒಂದೊಂದು ಸುಳ್ಳು ಹೇಳ್ಕೊಂಡು ಹೋಗಿ ಆರಾರು ಮೀನು ತಂದಿದೀರ. ಇಂಥ ಹೊಂದಾಣಿಕೆ ನಾನು ಯಾವ ತೊಟ್ಟೀಲೂ ನೋಡಿಲ್ಲ. ಈ ಜೋಡಿ ಸೇರಿಸಿದ್ದು ಯಾರು?"

ಸಾಹೇಬರು ವಿನಯದಿಂದ ಗಂಟಲು ಸರಿಮಾಡಿಕೊಂಡರು.

"ಇವರ ಅಮ್ಮ, ಡಾಕ್ಟ್ರೇ," ಎಂದರು ಹೆಂಡತಿ. "ಇವರು ನನ್ನ ಮುಖ ನೋಡಿ, ಈ ಹುಡುಗಿ ನನಗೆ ಹೊಂದಲ್ಲ ಅಂದಿದ್ರು!"