ನನ್ನ ದನಿ ಬೇಯಲೊಲ್ಲದು

ಎಪ್ಪತ್ತು ದಾಟಿದ ಹೆಂಗಸು ಮೆತ್ತಗಾಗಬೇಕು, ಯಾರು ಏನಂದರೂ "ಇರಲಿ ಬಿಡು" ಅನ್ನಬೇಕು ಎಂದು ಜನ ತಿಳಿದಿದ್ದಾರೆ. ನನಗೆ ಅದು ಸಾಧ್ಯವಾಗಿಲ್ಲ. ವಯಸ್ಸಾದಂತೆ ನನ್ನ ಮೊಣಕಾಲು ಸವೆಯಿತು, ಕಣ್ಣು ಮಂಜಾಯಿತು, ಸಿಟ್ಟೊಂದು ಮಾತ್ರ ಹೊಸದರ ಹಾಗೆಯೇ ಇದೆ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳಿಗೆ ನಾರಾಯಣಪೇಟೆಯ ತಪ್ಪು ಸ್ಪೆಲಿಂಗಿನ ಅಂಗಡಿ ಬೋರ್ಡುಗಳ ನಡುವೆ ಶಾಂತವಾಗಿರು ಅಂದರೆ ಹೇಗಿರಲಿ? ಬೋರ್ಡಿಂಗ್ ಸ್ಕೂಲಿನಲ್ಲಿ ನಮಗೆ ಪಾಠ ಹೇಳಿದ ಸಿಸ್ಟರ್, ಗಂಜಿ ಹಾಕಿದ ಬಿಳಿ ಉಡುಪಿನಲ್ಲಿ ಕಿಟಕಿಯ ಬಳಿ ನಿಂತು, "ಗರ್ಲ್ಸ್, ಎ ಲೇಡಿ ಡಸ್ ನಾಟ್ ವಾಕ್ ಪಾಸ್ಟ್ ಎ ಮಿಸ್ಟೇಕ್" ಅನ್ನುತ್ತಿದ್ದರು. ಆ ಕಿಟಕಿಯ ಆಚೆ ಒಂದು ಬೇವಿನ ಮರವಿತ್ತು. ಮರ ಈಗ ಇದೆಯೋ ಇಲ್ಲವೋ, ಮಾತು ಮಾತ್ರ ನನ್ನ ಪರ್ಸಿನಲ್ಲಿ ಕೆಂಪು ಪೆನ್ನಿನ ರೂಪದಲ್ಲಿ ಇವತ್ತಿಗೂ ಇದೆ.

ಈಗ ಹೇಳಹೊರಟಿರುವ ಸಿಟ್ಟು ಒಂದು ರೆಸಿಪಿಯದು. ಅಡುಗೆಯದಲ್ಲ. ನನ್ನ ತಮ್ಮನ ಮಗಳು ಸುನೀತಾ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಯಂತ್ರಗಳಿಗೆ ಬುದ್ಧಿ ತುಂಬುವ ಕೆಲಸ ಮಾಡುತ್ತಾಳೆ. ಗದ್ವಾಲದ ಖದೀರ್ ಅವಳ ಪಾಲುದಾರ. ಐವತ್ತು ದಾಟಿದ ಎಲೆಕ್ಟ್ರಿಷಿಯನ್, ತಂತಿ ಹಿಡಿದರೆ ಕಲಾವಿದ, ಬಾಯಿ ತೆರೆದರೆ ತುಂಟ. ಇಬ್ಬರೂ ಸೇರಿ ಮಕ್ತಲ್ ಬಸ್ ನಿಲ್ದಾಣಕ್ಕೆ ಒಂದು ಡಬ್ಬಿ ತಯಾರಿಸುತ್ತಿದ್ದರು. ಟಿಫಿನ್ ಕ್ಯಾರಿಯರಿಗಿಂತ ಚಿಕ್ಕದು. ಅದರೊಳಗೆ ಲಿನಕ್ಸ್ ಎಂಬ ಸಾಫ್ಟ್‌ವೇರ್ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಹೇಳಬೇಕು. ತೆಲುಗಿನಲ್ಲಿ ಹೇಳುತ್ತದೆ, ಇಂಗ್ಲಿಷಿನಲ್ಲಿ ಹೇಳುತ್ತದೆ. ಕನ್ನಡ?

ಗಡಿಯಲ್ಲಿರುವ ನಮ್ಮ ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಹುಟ್ಟಿದ ಮಂಚದ ಮೇಲೇ ಇವತ್ತೂ ಮಲಗುತ್ತೇನೆ. ಅದರ ಕೆಳಗೆ ಹೈದರಾಬಾದ್ ರಾಜ್ಯ ಹೋಯಿತು, ಆಂಧ್ರ ಹೋಯಿತು, ಈಗ ಕೆಲವು ವರ್ಷಗಳಿಂದ ತೆಲಂಗಾಣ ಬಂದಿದೆ. ಮಂಚ ಒಂದಿಂಚು ಅಲುಗಿಲ್ಲ, ಮಂಚದ ಮೇಲಿನ ಕನ್ನಡವೂ ಅಲುಗಿಲ್ಲ. ಆದರೆ ಗುಂಡುಮಾಲಿನ ಕಡೆಯಿಂದ ಬಂದ ಒಬ್ಬ ಕುರುಬರ ಅಜ್ಜಿ ಮಕ್ತಲಿನಲ್ಲಿ ಬೋರ್ಡು ಓದಲಾಗದೆ, ಕೂಗಿದ್ದು ತಿಳಿಯದೆ, ರಾಯಚೂರಿನ ಬಸ್ಸು ಬಿಟ್ಟು ಇನ್ನೆಲ್ಲಿಗೋ ಹೋಗಿ ಇಳಿದದ್ದನ್ನು ಕೇಳಿದ ದಿನ ನಾನು ಸುನೀತಾಳ ಮುಂದೆ ನಿಂತು ಹೇಳಿದೆ: "ಡಬ್ಬಿ ಕನ್ನಡ ಮಾತಾಡಬೇಕು. ದನಿ ನಂದು." ನಿಲ್ದಾಣದ ಸಾಹೇಬರು ಒಪ್ಪಿದರು, ಆದರೆ ಒಂದು ಷರತ್ತು: ಸೋಮವಾರದ ಪರೀಕ್ಷೆಯಲ್ಲಿ ಮೂರೂ ಭಾಷೆ ಕೇಳಿಸಬೇಕು, ಇಲ್ಲದಿದ್ದರೆ ಇರುವ ಎರಡರಲ್ಲೇ ಮುಗಿಸೋಣ.

ನಾನು ಮೂರು ದಿನ ಬಿಸಿನೀರು ಕುಡಿದು ದನಿ ಕೊಟ್ಟೆ. ಇಂಗ್ಲಿಷ್ ಪ್ರಕಟಣೆಗಳ ಸ್ಪೆಲಿಂಗ್ ನೋಡಿಕೊಡಲು ಸುನೀತಾ ಕೇಳಿದಳು. ಅದನ್ನೂ ಅವಳ ಕಂಪ್ಯೂಟರಿನಲ್ಲೇ ಕುಳಿತು ಅಚ್ಚುಕಟ್ಟಾಗಿ ಮಾಡಿದೆ. ಗುರುವಾರ ಅವಳು ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಅತ್ತಿ, ರೆಸಿಪಿ ಫೇಲ್ ಆಗೈತಿ."

"ಉಪ್ಪು ಹೆಚ್ಚಾತೇನು?"

"ಚ್ಯಾಷ್ಟಿ ಮಾಡಬ್ಯಾಡ್ರಿ. ನಿಮ್ಮ ದನಿ ಬೇಯಲೊಲ್ಲದು."

ಆಮೇಲೆ ತಿಳಿಯಿತು. ಡಬ್ಬಿಯೊಳಗೆ ಹೋಗುವ ಪ್ರತಿಯೊಂದು ಸಾಮಾನಿಗೂ ಒಂದು ರೆಸಿಪಿಯಂತೆ. ಎಲ್ಲಿಂದ ತರಬೇಕು, ಹೇಗೆ ಹದ ಮಾಡಬೇಕು, ಎಲ್ಲಿ ಇಡಬೇಕು ಎಲ್ಲ ಅದರಲ್ಲಿ ಬರೆದಿರುತ್ತದೆ. ಎಲ್ಲವನ್ನೂ ಒಟ್ಟು ಮಾಡುವುದಕ್ಕೆ ಬೇಯಿಸುವುದು ಎನ್ನುತ್ತಾರಂತೆ. ಬದುಕಿನಲ್ಲಿ ಒಂದು ಸಾರು ಕುದಿಸದವರು ನಮ್ಮ ಅಡುಗೆಮನೆಯ ಶಬ್ದಗಳನ್ನೆಲ್ಲ ಕೇಳದೆ ಎತ್ತಿಕೊಂಡು ಹೋದದ್ದು ನನಗೆ ಸಹ್ಯವಾಗಲಿಲ್ಲ. ನನ್ನ ಅಡುಗೆಯಲ್ಲಿ ಜೀರಿಗೆ ಇಲ್ಲದಿದ್ದರೆ ಸಾಸಿವೆಯಲ್ಲಿ ನಡೆಯುತ್ತದೆ. ಈ ಪುಣ್ಯಾತ್ಮ ಲಿನಕ್ಸ್ ಒಂದು ಕಾಳು ಆಚೀಚೆಯಾದರೆ ಇಡೀ ಒಲೆಯನ್ನೇ ಆರಿಸಿ, ಕೆಂಪು ಅಕ್ಷರದಲ್ಲಿ ಬೈದು, ಮುಖ ತಿರುಗಿಸಿಕೊಂಡು ಕೂಡುತ್ತದೆ. ಸೊಸೆಯಾಗಿದ್ದರೆ ತವರಿಗೆ ಕಳಿಸುತ್ತಿದ್ದರು.

"ಈಗ ಏನು ಕಮ್ಮಿ ಬಿದ್ದೈತಿ ಅದಕ?"

"ಕಮ್ಮಿ ಏನಿಲ್ರಿ. ದನಿ ನುಡಿಸೋ ಸಾಮಾನು ಹೈದರಾಬಾದಿನವರದು. ಅದರ ಜೊತಿಗೆ ಒಂದು ಷರತ್ತಿನ ಕಾಗದ ಬರತೈತಿ. ಅದರ ಅಕ್ಷರ ಎಲ್ಲಾ ಕೂಡಿಸಿ ರೆಸಿಪಿಯೊಳಗ ಒಂದು ಮೊಹರು ಒತ್ತಿರತಾರ. ಒಂದು ಚುಕ್ಕಿ ಬದಲಾದ್ರೂ ಮೊಹರು ಕೂಡಂಗಿಲ್ಲ. ಯಾರೋ ಆ ಕಾಗದ ಮುಟ್ಯಾರ."

ಖದೀರ್ ಸ್ಕ್ರೂ ತಿರುಗಿಸುತ್ತಲೇ ಪರಿಹಾರ ಸೂಚಿಸಿದ. "ಸುನೀತಮ್ಮಾ, ಹೊಸಾ ಮೊಹರು ಒತ್ತಿಬಿಡ್ರಿ. ಕಿಸ್ಸಾ ಖತಮ್."

"ಏನು ಬದಲಾಗೈತಿ ಅಂತ ತಿಳೀದ ಹ್ಯಾಂಗ ಒತ್ತಲಿ? ಅವರ ಮಾಲು ಅದು. ಷರತ್ತೇ ಬದಲು ಮಾಡಿದ್ರ? ನಾಳೆ ಜವಾಬ್ದಾರಿ ಯಾರ್ದು?"

ನನಗೆ ಎಂಥ ಹೆಮ್ಮೆಯಾಯಿತು! "ಶಾಬಾಸ್! ಓದದ ಸಹಿ ಹಾಕೋದು ನಮ್ಮ ಮನ್ಯಾಗ ಇಲ್ಲ. ತತ್ವ ಅಂದ್ರ ತತ್ವ, ಖದೀರ್."

"ನನಗ್ಯಾಕ ಗುಸ್ಸಾ ಮಾಡ್ತೀರಿ ಟೀಚರಮ್ಮ, ಮುಟ್ಟಿದವರಿಗೆ ಮಾಡ್ರಿ" ಅಂದ ಖದೀರ್.

ಮಾಡಿದೆ. ಶುಕ್ರವಾರ ಸುನೀತಾ ಹೈದರಾಬಾದಿನ ಆ ಕಂಪನಿಗೆ ಫೋನ್ ಹಚ್ಚಿದಾಗ ಅವಳ ಕೈಯಿಂದ ಕಿತ್ತುಕೊಂಡೆ. ಆ ಕಡೆಯವನು ಮರ್ಯಾದೆಯಿಂದಲೇ, "ಮೇಮು ಏಮೀ ಮಾರ್ಚಲೇದಮ್ಮಾ" ಅಂದ. ತಾವು ಏನನ್ನೂ ಬದಲಾಯಿಸಿಲ್ಲವಂತೆ! ನನ್ನೊಳಗಿನ ಇಡೀ ಕಾನ್ವೆಂಟು ಎದ್ದು ನಿಂತಿತು. "ಯಂಗ್ ಮ್ಯಾನ್, ಡೋಂಟ್ ಟೆಲ್ ಮಿ ಸ್ಟೋರೀಸ್. ಸಮ್‌ಬಡಿ ಹ್ಯಾಸ್ ಟ್ಯಾಂಪರ್ಡ್ ವಿತ್ ದಟ್ ಡಾಕ್ಯುಮೆಂಟ್!" ಊರ ಜನರ ಬಸ್ಸು, ನಮ್ಮ ಭಾಷೆ, ನನ್ನ ಬಿಸಿನೀರು, ಯಾವುದನ್ನೂ ಬಿಡಲಿಲ್ಲ. ಪಾಪ, ಅವನು ಎಲ್ಲದಕ್ಕೂ "ಎಸ್ ಮ್ಯಾಮ್" ಅನ್ನುತ್ತಾ, ಹೊಸ ಪ್ರತಿ ಕಳಿಸುತ್ತೇನೆ, ಪಕ್ಕಪಕ್ಕ ಇಟ್ಟು ನೋಡಿ ಅಂದ. ಫೋನಿಟ್ಟಾಗ ನನಗೆ ಹತ್ತು ವರ್ಷ ಕಡಿಮೆಯಾದಂತಿತ್ತು.

ಶನಿವಾರ ಮಧ್ಯಾಹ್ನ ಹೊಸ ಪ್ರತಿ ಬಂತು. ಸುನೀತಾ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಬದಲಾದ ಸಾಲುಗಳೆಲ್ಲ ಬಣ್ಣದಲ್ಲಿ ಎದ್ದು ಕಂಡವು. ಏಳು ಕಡೆ. ಏಳೂ ಕಡೆ ಒಂದೇ ಶಬ್ದ, ಲೈಸೆನ್ಸ್. ಅವರ ಪ್ರತಿಯಲ್ಲಿ ಆ ಶಬ್ದದ ಕೊನೆಯಿಂದ ಎರಡನೆಯ ಅಕ್ಷರ ಎಸ್, ನಮ್ಮದರಲ್ಲಿ ಸಿ.

ನನಗೆ ತಡೆಯಲಾಗಲಿಲ್ಲ. "ನೋಡಿದೇನವ್ವಾ, ನಮ್ಮದೇ ಸರಿ ಐತಿ! ಲೈಸೆನ್ಸ್ ನೌನ್ ಆದ್ರ ಸಿ, ವರ್ಬ್ ಆದ್ರ ಎಸ್. ಅವರಿಗೆ ಅಷ್ಟೂ ಬರಂಗಿಲ್ಲ. ಅದಕ್ಕೇ ನಾನು..."

ವಾಕ್ಯ ಅಲ್ಲೇ ನಿಂತಿತು. ಸುನೀತಾ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅತ್ತಿ, ನಿಮಗ ನೋಡಾಕ ಎಷ್ಟು ಫೈಲ್ ಕೊಟ್ಟಿದ್ದೆ?"

"ಒಂದು."

"ತಿದ್ದಿದ್ದು?"

"ಅದರ ಜೊತಿಗೆ ಇದ್ದದ್ದೆಲ್ಲಾ."

ಖದೀರ್ ಸ್ಕ್ರೂಡ್ರೈವರ್ ಕೆಳಗಿಟ್ಟು, ಕಲಿಯುವ ಆಸೆಯಿರುವವನ ಮುಖ ಮಾಡಿಕೊಂಡು ಕೇಳಿದ: "ಟೀಚರಮ್ಮ, ಟ್ಯಾಂಪರ್ಡ್ ಅಂದ್ರ ಏನ್ರಿ?"

ಹೈದರಾಬಾದಿನ ಹುಡುಗನಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಕೇಳಿಸಿಕೊಂಡು ಅವನು ಸಂಕೋಚದಿಂದ, "ಮ್ಯಾಮ್, ನಮ್ಮ ಇಂಗ್ಲಿಷಿನಲ್ಲಿ ತಪ್ಪಿತ್ತೇ?" ಅಂದ. ಸಿಸ್ಟರ್ ಎಲ್ಲಿದ್ದರೂ ನನ್ನನ್ನು ಮನ್ನಿಸಲಿ. "ನಾಟ್ ಅಟ್ ಆಲ್" ಅಂದೆ. ಮೂರು ದಿನ ಹೊರಳಾಡಿದ್ದ ರೆಸಿಪಿ, ಏಳು ಸಿಗಳು ಏಳು ಎಸ್‌ಗಳಾದ ಮೇಲೆ, ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೆಂದು ಬಂತು. ಏಳನ್ನೂ ಸುನೀತಾ ನನ್ನ ಕೈಯಿಂದಲೇ ತಿದ್ದಿಸಿದಳು. ಇಂಪೋಸಿಷನ್! ಎಷ್ಟು ಮಕ್ಕಳಿಗೆ ಬರೆಸಿದ್ದೆನೋ.

ಸೋಮವಾರ ಮೂವರೂ ಮಕ್ತಲಿಗೆ ಹೋದೆವು. ಖದೀರ್ ಡಬ್ಬಿಯನ್ನು ಎತ್ತರಕ್ಕೆ ಕೂರಿಸಿ ಸ್ವಿಚ್ಚು ಹಾಕಿದ. ತೆಲುಗು ಬಂತು, ಇಂಗ್ಲಿಷ್ ಬಂತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಸುನೀತಾ ನನ್ನ ಕೈ ಹಿಡಿದಳು. "ರಾಯಚೂರಿಗೆ ಹೋಗುವ ಬಸ್ಸು ಎರಡನೆಯ ಪ್ಲಾಟ್‌ಫಾರ್ಮಿಗೆ ಬಂದಿದೆ. ಪ್ರಯಾಣಿಕರು ಕೂಡಲೇ ಹತ್ತಬೇಕು!"

ಬೆಂಚಿನ ಮೇಲೆ ಕಂಬಳಿ ಹೊದ್ದು ತೂಕಡಿಸುತ್ತಿದ್ದ ಹೆಂಗಸೊಬ್ಬಳು ದಡಕ್ಕನೆ ಎದ್ದು ಗಂಡನನ್ನು ತಿವಿದಳು. "ಏಳ್ರಿ, ಏಳ್ರಿ! ಬಸ್ ಬಂದೈತಂತ. ಯಾವಕೀನೋ ಬೈಯಾಕತ್ತಾಳ." ಇಬ್ಬರೂ ಓಡಿಹೋಗಿ ಹತ್ತಿದರು. ಸಾಹೇಬರು ತಲೆಯಾಡಿಸಿದರು.

ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಂಡು ನೋಡಿದರೆ ಎದುರಿನ ಕಂಬ. ಅದರ ಮೇಲೆ ಬಣ್ಣದಲ್ಲಿ ಬರೆದ ಇಂಗ್ಲಿಷ್ ಅಕ್ಷರಗಳು. ಪ್ಲಾಟ್‌ಫಾರ್ಮಿನ ಫಾರ್ಮ್ ಹೋಗಿ ಫ್ರಮ್ ಆಗಿದೆ. ಒಂದು ಅಕ್ಷರ ಆಚೆ, ಒಂದು ಅಕ್ಷರ ಈಚೆ. ಯಾರೂ ಈ ಕಡೆ ನೋಡುತ್ತಿರಲಿಲ್ಲ. ನನ್ನ ಕೈ ತಾನಾಗಿಯೇ ಪರ್ಸಿನೊಳಗೆ ಹೋಗಿ ಕೆಂಪು ಪೆನ್ನು ಹುಡುಕಿತು.

ಅಷ್ಟರಲ್ಲಿ ತಲೆಯ ಮೇಲಿನ ಡಬ್ಬಿಯಿಂದ ಯಾವಳೋ ಮುದುಕಿ ಗದರಿದಳು. ನಾನು ಬೆಚ್ಚಿಬಿದ್ದು ಕೈ ಹೊರಗೆಳೆದು, ಬೆನ್ನ ಹಿಂದೆ ಕಟ್ಟಿಕೊಂಡು, ನೆಟ್ಟಗೆ ನಿಂತುಕೊಂಡೆ.