ಮಾವನವರ ಸಿನಿಮಾಕ್ಕೆ ನನ್ನ ಮೂರು ಪ್ಯಾರಾ

ಹಳೆಯ ಸಿನಿಮಾ ಎಂದೊಡನೆ "ಆಹಾ, ಚಿನ್ನ!" ಎಂದು ತಲೆದೂಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಳೆಯದಾದ ಮಾತ್ರಕ್ಕೆ ಒಳ್ಳೆಯದಾಗಿಬಿಡುತ್ತದೆಯೇ? ಹಾಗಿದ್ದರೆ ನಮ್ಮ ಬಚ್ಚಲಿನ ಸೋರುವ ನಲ್ಲಿಗೂ ಪ್ರಶಸ್ತಿ ಕೊಡಬೇಕು! ಈ ಮೌಢ್ಯವನ್ನು ಬುಡಸಮೇತ ಕಿತ್ತೊಗೆಯಲು ನಾನೇ ಟೊಂಕ ಕಟ್ಟಿದೆ. ರಜೆ ಸಿಕ್ಕಾಗಲೆಲ್ಲ ಒಂದು ಹಳೆಯ ಸಿನಿಮಾ ನೋಡುವುದು, ಮುಲಾಜಿಲ್ಲದೆ ಅಭಿಪ್ರಾಯ ಬರೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕುವುದು. ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿನವರ ದೃಷ್ಟಿದೋಷ ತಿದ್ದುವವನು ನಾನು; ಬಂಧುಬಳಗದ ದೃಷ್ಟಿದೋಷ ತಿದ್ದಲಾರೆನೇ?

"ಅಭಿಪ್ರಾಯಭೇದ ಎಲ್ಲರಿಗೂ ಇರುತ್ತೆ ರೀ," ಎಂದಳು ಹೆಂಡತಿ. "ನಿಮಗಿರೋದು ಅಭಿಪ್ರಾಯದ ಭೇದಿ. ತಡ್ಕೊಳ್ಳೋಕೇ ಆಗಲ್ಲ!"

ಇಂಥ ಮಾತಿಗೆಲ್ಲ ಜಗ್ಗುವ ಜೀವವಲ್ಲ ನನ್ನದು. ಆ ಭಾನುವಾರ ಊಟ ಮುಗಿಸಿ, ಸೋಫಾದ ಮೇಲೆ ಸಿಂಹಾಸನಾರೂಢನಾಗಿ ಟಿವಿ ಹಾಕಿದೆ. ಕಪ್ಪು ಬಿಳುಪಿನ ಚಿತ್ರ. ನಾಯಕ ಬಡ ದೋಣಿಗಾರ. ಅವನ ತಾಯಿಗೆ ಕಣ್ಣು ಕಾಣುವುದಿಲ್ಲ. ಅವನು ಹುಟ್ಟು ಹಾಕುತ್ತಾನೆ, ಅವಳು ಅಳುತ್ತಾಳೆ. ಅವಳು ಅಳುತ್ತಾಳೆ, ಅವನು ಹುಟ್ಟು ಹಾಕುತ್ತಾನೆ. ನಾನು ಅರೆಗಳಿಗೆ ರೆಪ್ಪೆ ಮುಚ್ಚಿದ್ದಿರಬಹುದು. ಅದು ನಿದ್ದೆಯಲ್ಲ, ಚಿಂತನೆ! ಕಣ್ಣು ಬಿಟ್ಟಾಗ ಅದೇ ನಾಯಕ ಕರಿಕೋಟು ತೊಟ್ಟು ನ್ಯಾಯಾಧೀಶನ ಕುರ್ಚಿಯಲ್ಲಿ ಕೂತಿದ್ದ. ಅದೇ ತಾಯಿ ಕಿಟಕಿಯ ಬಳಿ ಸೂಜಿಗೆ ದಾರ ಪೋಣಿಸುತ್ತಿದ್ದಳು!

ಇದು ನನ್ನ ಕಸುಬಿಗೇ ಆದ ಅವಮಾನ. ಆಪರೇಷನ್ ಇಲ್ಲ, ಕಣ್ಣಿಗೆ ಹನಿ ಔಷಧಿ ಇಲ್ಲ, ಕಡೆಗೆ ಒಂದು ಕನ್ನಡಕವೂ ಇಲ್ಲ! ಕೆರಳಿ, ಮೇಲೆ ಚಿತ್ರದ ಹೆಸರು ಹಾಕಿ ಬರೆದೆ: "ಇದು ಚಲನಚಿತ್ರವಲ್ಲ, ಚಿತ್ರಹಿಂಸೆ!" ಅದರ ಕೆಳಗೆ ಸೂಜಿಯ ಪವಾಡ, ದೋಣಿಗಾರ ನ್ಯಾಯಾಧೀಶನಾದ ಅಕ್ರಮ ನೇಮಕಾತಿ ಇವುಗಳ ಮೇಲೆ ಉದ್ದುದ್ದ ಮೂರು ಪ್ಯಾರಾ.

ಸ್ವಲ್ಪ ಹೊತ್ತಿಗೇ ಗುಂಪಿನಲ್ಲಿ ಒಂದು ಸಾಲು ಮೂಡಿತು: ಮಾವನವರು ಗುಂಪು ತೊರೆದಿದ್ದಾರೆ.

ಹೆಂಡತಿ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದಳು. "ಏನ್ರೀ ಬರೆದ್ರಿ? ಅಪ್ಪನ ಪ್ರಾಣ ಆ ಸಿನಿಮಾ! ಮದುವೆ ಆದ್ಮೇಲೆ ಅಮ್ಮನ್ನ ಕರ್ಕೊಂಡು ಹೋದ ಮೊದಲನೇ ಸಿನಿಮಾ!"

ನಾನು ಸಮರ್ಥನೆಗೆ ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತೆ!

"ಅಳಿಯಂದಿರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ! ಅವತ್ತು ಥಿಯೇಟರಲ್ಲಿ ನಿಮ್ಮ ಮಾವ ಗೊಳೋ ಅಂತ ಅತ್ರು. ಜನ ಪರದೆ ಬಿಟ್ಟು ನಮ್ಮನ್ನೇ ನೋಡ್ತಿದ್ರು. ನಾಚಿಕೆಗೆ ನಾನು ಮುಖ ಮುಚ್ಕೊಂಡು ಕೂತವಳು ಸಿನಿಮಾನೇ ನೋಡ್ಲಿಲ್ಲ. ಇಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದೆ. ಇವತ್ತು ಹೇಳೇಬಿಟ್ಟೆ, ಅಳಿಯಂದಿರು ಹೇಳಿದ್ದೇ ಸರಿ ಅಂತ!"

ನನ್ನ ಎದೆ ಉಬ್ಬಿತು. "ಮೂರು ಪ್ಯಾರಾನೂ ಓದಿದ್ರಾ ಅತ್ತೆ?"

"ಅಯ್ಯೋ, ಮೊದಲನೇ ಸಾಲೇ ಸಾಕಾಯ್ತು ಬಿಡಿ. ಅವರೂ ಅಷ್ಟೇ ಓದಿದ್ದು!"

ಉಬ್ಬಿದ ಎದೆ ಅರ್ಧಕ್ಕಿಳಿಯಿತು. ಉಳಿದರ್ಧ ಇಳಿದದ್ದು ಮರುದಿನ ಬೆಳಿಗ್ಗೆ, ಬಾಗಿಲಲ್ಲಿ ಅತ್ತೆ ಸೂಟ್‌ಕೇಸ್ ಸಮೇತ ನಿಂತಾಗ. "ಅವರು ಮಾತು ಬಿಟ್ಟಿದ್ದಾರೆ. ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡ್ಲಿ? ನನ್ನ ಪಕ್ಷಕ್ಕೆ ನೀವಿದ್ದೀರಲ್ಲ!"

ನನ್ನ ಪಕ್ಷ ಅಧಿಕಾರಕ್ಕೆ ಬಂದ ಆ ಕ್ಷಣದಲ್ಲೇ ನಾನು ಮಂಚ ಕಳೆದುಕೊಂಡೆ. ಅತ್ತೆ ಮಗಳ ಪಕ್ಕ, ನಾನು ಸೋಫಾದ ಮೇಲೆ. ಆ ಸೋಫಾ ನನಗಿಂತ ಒಂದು ಮೊಳ ಗಿಡ್ಡ! ಹೆಂಡತಿಯಂತೂ ಕೆಂಡವಾಗಿದ್ದಳು. "ಅಪ್ಪನಿಗೆ ಒಂದು ಲೋಟ ನೀರು ಕಾಯಿಸ್ಕೊಳ್ಳೋಕೂ ಬರಲ್ಲ. ಫೋನ್ ಮಾಡಿ ಕ್ಷಮೆ ಕೇಳಿ!"

"ವಿಮರ್ಶಕ ಕ್ಷಮೆ ಕೇಳೋದಾ? ಚರಿತ್ರೆಯಲ್ಲೇ ಇಲ್ಲ!" ಎಂದು ಗುಡುಗಿ, ಬೆನ್ನು ಹಿಡಿದುಕೊಂಡು ಅಂಗಡಿಗೆ ನಡೆದೆ.

ಶನಿವಾರ ಸಂಜೆ ಮಾವನವರೇ ಬಂದರು. ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ತಾವು ಹಸಿರು ಬಾವುಟ ತೋರಿಸುವವರೆಗೆ ಯಾರೂ ಅಲುಗಾಡಬಾರದು ಎನ್ನುವ ಸ್ವಭಾವ. ಕೆನ್ನೆ ಬತ್ತಿತ್ತು, ಅಂಗಿಗೆ ಇಸ್ತ್ರಿ ಇರಲಿಲ್ಲ. ಅತ್ತೆ ಅದನ್ನು ನೋಡಿಯೂ ನೋಡದಂತೆ ಮುಖ ತಿರುಗಿಸಿದರು. ಮಾವ ಜೇಬಿನಿಂದ ಪೆನ್‌ಡ್ರೈವ್ ತೆಗೆದರು.

"ಎಲ್ಲರೂ ಕೂತ್ಕೊಳ್ಳಿ. ಪೂರ್ತಿ ಸಿನಿಮಾ ನೋಡೋಣ. ಎಲ್ಲಿ ತಪ್ಪಿದೆ ಅಂತ ಅಳಿಯಂದ್ರು ತೋರಿಸ್ಲಿ. ತೋರಿಸಿದ್ರೆ ನಾನು ಇನ್ನು ಜನ್ಮದಲ್ಲಿ ಸಿನಿಮಾ ನೋಡಲ್ಲ!"

ನಾನು ಸರ್ಕಾರಿ ವಕೀಲನಂತೆ ಗಂಟಲು ಸರಿಮಾಡಿಕೊಂಡು ಎದ್ದುನಿಂತೆ. ದೋಣಿಗಾರ ಹುಟ್ಟು ಹಾಕಿದ. ತಾಯಿ ಅತ್ತಳು. "ಈಗ ಬರ್ತಾನೆ ನೋಡಿ ನ್ಯಾಯಾಧೀಶ!" ಎಂದೆ. ಅವನು ಹುಟ್ಟು ಹಾಕುತ್ತಲೇ ಇದ್ದ.

"ಯಾವ ನ್ಯಾಯಾಧೀಶ?" ಎಂದರು ಮಾವ.

"ಅದೇ... ತಾಯಿ ಸೂಜಿಗೆ ದಾರ ಹಾಕ್ತಾಳಲ್ಲ, ಆಗ..."

"ಯಾವ ಸೂಜಿ?"

ಹೆಂಡತಿ ನನ್ನ ಅಂಗಿಯ ಚುಂಗು ಎಳೆದಳು. "ರೀ... ಅವತ್ತು ನೀವು ಗೊರಕೆ ಹೊಡೀತಿದ್ರಿ. ಆ ಅಳು ನೋಡೋಕಾಗ್ದೆ ನಾನೇ ಬೇರೆ ಚಾನೆಲ್ ಹಾಕಿದೆ. ಅಲ್ಲೂ ಅದೇ ಹೀರೋ, ಅದೇ ತಾಯಿ. ಆ ಕಾಲದಲ್ಲಿ ಎಲ್ಲಾದರಲ್ಲೂ ಅವರೇ!"

"ಮೂರು ಪ್ಯಾರಾ ಬರೆದಿದ್ದೀನಲ್ಲೇ! ಅವತ್ತೇ ಹೇಳೋಕೆ ಏನಾಗಿತ್ತು ನಿನಗೆ?"

"ನಾನೂ ಮೊದಲನೇ ಸಾಲಷ್ಟೇ ಓದಿದ್ದು!"

ಕಟ್ಟಿಕೊಂಡ ಹೆಂಡತಿಯೂ! ಸೋಫಾದ ಮೇಲೆ ಧೊಪ್ಪನೆ ಕುಸಿದೆ. ಬೇರೆ ದಾರಿಯಿಲ್ಲದೆ ಪರದೆ ನೋಡಿದೆ. ಹೊಳೆ ಉಕ್ಕಿತ್ತು. ದೋಣಿಗಾರ ಊರಿನವರನ್ನೆಲ್ಲ ದಾಟಿಸಿ, ಕೊನೆಯ ಸುತ್ತಿನಲ್ಲಿ ತಾಯಿಯನ್ನು ಕೂರಿಸಿದ. ನಡುನೀರಿನಲ್ಲಿ ದೋಣಿ ಮುಳುಗತೊಡಗಿತು. ಭಾರ ಇಳಿಸಲೆಂದು ಅವನು ಸದ್ದಿಲ್ಲದೆ ನೀರಿಗಿಳಿದು, ದೋಣಿಯನ್ನು ದಡದ ಕಡೆ ನೂಕಿ, ಸುಳಿಯಲ್ಲಿ ಮರೆಯಾದ. ಕಣ್ಣಿಲ್ಲದ ತಾಯಿಗೆ ಅದೆಲ್ಲಿ ಗೊತ್ತು? "ಮೆಲ್ಲಗೆ ಹಾಕು ಮಗನೇ, ಕೈ ನೋಯುತ್ತೆ" ಎನ್ನುತ್ತಲೇ ಇದ್ದಳು.

ಅತ್ತೆಯ ಕೈ ತಾನಾಗಿ ಮಾವನ ಕೈ ಹಿಡಿಯಿತು. "ಇಷ್ಟು ಚೆನ್ನಾಗಿದೆ ಅಂತ ಅವತ್ತೇ ಹೇಳಬಾರದಿತ್ತಾ?"

"ಅಳ್ತಾ ಇದ್ನಲ್ಲೇ, ಹೇಗೆ ಹೇಳ್ಲಿ?" ಎಂದರು ಮಾವ, ಮೂಗೊರೆಸಿಕೊಳ್ಳುತ್ತ.

ಅಷ್ಟರಲ್ಲಿ ಕೋಣೆಯಲ್ಲಿ ಕರು ಕಳೆದುಕೊಂಡ ಎಮ್ಮೆಯ ಹಾಗೆ ಯಾರೋ ಅರಚಿದ ಸದ್ದು. ಯಾರಪ್ಪಾ ಇದು, ಸಭ್ಯತೆ ಬೇಡವೇ, ಎಂದು ಸಿಟ್ಟಿನಿಂದ ಸುತ್ತಲೂ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಳಿಯಂದಿರೇ," ಎಂದರು ಅತ್ತೆ, "ಸ್ವಲ್ಪ ಮೆಲ್ಲಗೆ ಅಳಿ. ಡೈಲಾಗ್ ಕೇಳಿಸ್ತಿಲ್ಲ!"