ಸಾಹೇಬರಿಗೆ ಗುಡ್ಡ ತೋರಿಸಿದ್ದು

ಶುಕ್ರವಾರ ಮಧ್ಯಾಹ್ನ ಚಹಾದ ಹೊತ್ತಿಗೆ ಕಚೇರಿಯ ಜವಾನ ಕಲ್ಲಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಗುಮಾಸ್ತ ಸತ್ಯಬೋಧನ ಭಾನುವಾರ ಎಂದಿನಂತೆಯೇ ಕಳೆದುಹೋಗುತ್ತಿತ್ತು. ಆದರೆ ಕಲ್ಲಪ್ಪನ ಬಾಯಿ ಬಸ್ ಸ್ಟ್ಯಾಂಡಿನ ನಳದ ಹಾಗೆ. ತಿರುಗಿಸಿದರೂ ಸೋರುತ್ತಿತ್ತು, ತಿರುಗಿಸದಿದ್ದರೂ ಸೋರುತ್ತಿತ್ತು.

ಇಲಾಖೆಯ ಜಿಲ್ಲಾ ಅಧಿಕಾರಿ ಬಸಯ್ಯ ಸಾಹೇಬರು ಬಾಗಲಕೋಟೆಯಿಂದ ಬಾದಾಮಿ ಕಚೇರಿಯ ತಪಾಸಣೆಗೆ ಬಂದಿದ್ದರು. ಕಡತಗಳನ್ನು ತಿರುವಿಹಾಕಿ, ಬಿಸ್ಕೀಟು ಮುಗಿಸಿ, ಕಿಟಕಿಯಾಚೆಯ ಕೆಂಪು ಗುಡ್ಡಗಳನ್ನು ನೋಡುತ್ತ ನಿಟ್ಟುಸಿರು ಬಿಟ್ಟರು.

"ಈ ಜಿಲ್ಲಾಕ್ಕ ಬಂದು ಇಷ್ಟ ದಿನ ಆತು, ಒಮ್ಮೆರ ಈ ಗುಡ್ಡದ ಮ್ಯಾಲೆ ತಿರಗ್ಯಾಡೇನೇನು? ನಮ್ಮ ಕಾರಿನ ಹೊಟ್ಟಿ ನೆಲಕ್ಕ ಬಡೀತೈತಿ. ಎಲ್ಲಿ ಗುಡ್ಡ, ಎಲ್ಲಿ ನಾವು!"

"ಅದಕ್ಯಾಕ ಚಿಂತಿ ಮಾಡ್ತೀರಿ ಸರ್!" ಎಂದ ಕಲ್ಲಪ್ಪ. "ನಮ್ಮ ಸತ್ಯಬೋಧರ ಮನ್ಯಾಗ ಜೀಪ್ ಐತಿ. ಫೋರ್ ವೀಲ್! ಗ್ವಾಡಿ ಹತ್ತಂದ್ರ ಗ್ವಾಡಿ ಹತ್ತತೈತಿ!"

ಜೀಪು ಇದ್ದದ್ದು ನಿಜ. ಸತ್ಯಬೋಧನ ತಂದೆ ಹಳ್ಳಿಹಳ್ಳಿ ತಿರುಗುತ್ತಿದ್ದ ದನದ ಡಾಕ್ಟರು. ನಿವೃತ್ತಿಯಾದಾಗ ತಾವು ಓಡಾಡಿದ ಸರಕಾರಿ ಜೀಪನ್ನೇ ಹರಾಜಿನಲ್ಲಿ ಹಿಡಿದು ತಂದಿದ್ದರು. ಅವರು ತೀರಿಕೊಂಡ ಮೇಲೆ ಅದು ಹಿತ್ತಲ ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ವರ್ಷಕ್ಕೊಮ್ಮೆ ದಸರೆಗೆ ಮೈ ತೊಳೆಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು, ಓಣಿಯ ತುದಿಯವರೆಗೆ ಹೋಗಿ ಬಂದು ಮತ್ತೆ ಮಲಗುತ್ತಿತ್ತು. ಉಳಿದ ದಿನಗಳಲ್ಲಿ ಅದರ ಬಾನೆಟ್ಟಿನ ಮೇಲೆ ಪಕ್ಕದ ಮನೆಯ ಜೋಹರಾ ಸಂಡಿಗೆ ಒಣಹಾಕುತ್ತಿದ್ದಳು.

ಬೇರೆ ದಿನವಾಗಿದ್ದರೆ ಸತ್ಯಬೋಧ, "ಅದು ನಡಿಯೂದಿಲ್ರಿ ಸರ್" ಎಂದು ಕೈ ಮುಗಿದುಬಿಡುತ್ತಿದ್ದ. ಆದರೆ ಅವನ ಕಿಸೆಯಲ್ಲಿ ಆ ವಾರವಷ್ಟೇ ಬಂದ ವರ್ಗಾವಣೆಯ ಆದೇಶವಿತ್ತು. ಬಾದಾಮಿಯಿಂದ ಇಳಕಲ್‌ಗೆ. ಅದನ್ನು ರದ್ದು ಮಾಡಿಸುವ ಶಕ್ತಿ ಜಿಲ್ಲೆಯಲ್ಲಿ ಒಬ್ಬರಿಗೇ ಇತ್ತು. ಆ ಒಬ್ಬರು ಈಗ ಗುಡ್ಡ ನೋಡಬೇಕೆಂದು ಅವನ ಮುಖ ನೋಡುತ್ತಿದ್ದರು.

"ಆಗ್ಲಿ ಸರ್. ಭಾನುವಾರ ಹೋಗೂಣಂತ್ರಿ" ಎಂದ.

ಇಳಕಲ್ ಏನು ಕಾಡಲ್ಲ. ಹುನಗುಂದ ದಾಟಿದರೆ ಬಂತು. ಬೇರೆ ಯಾರಾದರೂ ಬೆಳಿಗ್ಗೆ ಬಸ್ಸು ಹತ್ತಿ, ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ಸತ್ಯಬೋಧನಿಗೆ ಅದು ಸಾಧ್ಯವಿರಲಿಲ್ಲ. ಅವನ ತಾಯಿ ಮಥುರಾಬಾಯಿಗೆ ಮರೆವಿನ ರೋಗ. ಸೊಸೆ, ಮೊಮ್ಮಗಳು, ವಾರ, ತಿಂಗಳು ಎಲ್ಲ ಒಂದೊಂದಾಗಿ ಅವರ ತಲೆಯಿಂದ ಇಳಿದು ಹೋಗಿದ್ದವು. ಗುರುತು ಸಿಗುತ್ತಿದ್ದದ್ದು ಸತ್ಯಬೋಧನೊಬ್ಬನದೇ. ಅದೂ ಮಗನೆಂದಲ್ಲ, ಎಂದೋ ತೀರಿಹೋದ ತಮ್ಮ ಅಣ್ಣನೆಂದು. ಅಣ್ಣ ಕಲಸಿ ಕೊಟ್ಟರಷ್ಟೇ ಮಧ್ಯಾಹ್ನದ ಅನ್ನ ಬಾಯಿಗೆ. ಕಚೇರಿ ಓಣಿಯ ಆಚೆಗೇ ಇದ್ದುದರಿಂದ ಸತ್ಯಬೋಧ ದಿನಾ ಓಡಿಬಂದು ಉಣ್ಣಿಸಿ ಹೋಗುತ್ತಿದ್ದ. ಒಮ್ಮೆ ತರಬೇತಿಗೆಂದು ಬಾಗಲಕೋಟೆಗೆ ಹೋದ ದಿನ ಅವರು ಹಸಿದುಕೊಂಡೇ ಕೂತು, ಸಂಜೆ ಬಾಗಿಲಲ್ಲಿ ಅವನನ್ನು ಕಂಡು, "ಅಣ್ಣಾ, ನನ್ನ ಸಾಲ್ಯಾಗ ಬಿಟ್ಟು ಮರತ ಹೋಗಿದ್ದಿ?" ಎಂದು ಅತ್ತಿದ್ದರು. ಮನೆ ಬದಲಿಸಬೇಡಿ, ಈ ಗೋಡೆ ಮುಟ್ಟಿಕೊಂಡೇ ಅವರು ನಡೆಯುವುದು ಎಂದು ಡಾಕ್ಟರು ಬೇರೆ ಹೇಳಿದ್ದರು.

"ಗುಡ್ಡ ಏರಿದ ಕೂಡ್ಲೇ ಕೇಳಿಬಿಡ್ರಿ" ಎಂದಳು ಹೆಂಡತಿ ಅಮಿತಾ, ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟುತ್ತ. ಅವಳು ಊರಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು, ಮಾತನ್ನೂ ಹಾಗೆಯೇ ಆಡುತ್ತಿದ್ದಳು. "ನಿಮ್ಮ ಸ್ವಭಾವ ನನಗ ಗೊತ್ತದ. ನಮಸ್ಕಾರದಾಗ ಅರ್ಧಾ ದಿನ ತಗೀತೀರಿ. ಮಜ್ಜಿಗಿ ಕ್ಯಾನಿನ್ಯಾಗ ಹಾಕೇನಿ, ಇಂಗಿನ ಒಗ್ಗರಣಿ ಕೊಟ್ಟೇನಿ. ಸಾಹೇಬರು ಕುಡದು ತಂಪಾಗ್ಲಿ, ಆಮ್ಯಾಲೆ ಕೇಳ್ರಿ."

ಜೋಹರಾ ಗೊಣಗುತ್ತ ಸಂಡಿಗೆ ತೆಗೆದಳು. ಜೀಪಿನ ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಅವಳ ಗಂಡ ಬಂದೇನವಾಜ ತನ್ನ ಟ್ರ್ಯಾಕ್ಟರಿನ ಬ್ಯಾಟರಿ ತಂದು ವಾಯರು ಹಚ್ಚಿದ. ಜೀಪು ಎರಡು ಸಲ ಕೆಮ್ಮಿತು, ಒಮ್ಮೆ ಸೀನಿತು, ಆಮೇಲೆ ಓಣಿಗೆಲ್ಲ ಕರಿಹೊಗೆ ಹಂಚಿ ಎದ್ದು ನಿಂತಿತು.

"ದಾರ್‍ಯಾಗ ಬಂದ್ ಮಾಡಬ್ಯಾಡ್ರಿ" ಎಂದ ಬಂದೇನವಾಜ. "ಬಂದ್ ಆತಂದ್ರ ನೂಕೂದ ಗತಿ."

ಪ್ರವಾಸಿ ಮಂದಿರದ ಮುಂದೆ ಸಾಹೇಬರು ಬಿಳಿ ಬೂಟು, ಕರಿ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದರು. ಅವರ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ಕಲ್ಲಪ್ಪ. ಸಾಹೇಬರನ್ನು ಮುಂದೆ ಕೂರಿಸಿ ತಾನು ಹಿಂದಿನಿಂದ ಇಬ್ಬರ ನಡುವೆ ತಲೆ ತೂರಿಸಿದ.

ಊರು ದಾಟಿ ಮಹಾಕೂಟದ ಕಡೆಯ ಗುಡ್ಡದ ದಾರಿ ಹಿಡಿದರು. ಮಳೆ ಮುಗಿದ ದಿನಗಳು. ಕೆಂಪು ಬಂಡೆಗಳ ಸಂದಿಯಿಂದ ಹಸಿರು ಹೊರಗೆ ಚೆಲ್ಲಿತ್ತು. ಸಾಹೇಬರು "ಆಹಾ" ಎಂದರು. ಇದೇ ಸಮಯವೆಂದು ಸತ್ಯಬೋಧ ಗಂಟಲು ಸರಿಮಾಡಿಕೊಂಡ.

"ಸರ್, ನಂದೊಂದು ಸಣ್ಣ ವಿನಂತಿ..."

ಡರ್ರ್, ಎಂದಿತು ಜೀಪು. ಮೂಗಿನಿಂದ ಬಿಳಿ ಹಬೆ ಬಿಟ್ಟು ಏರಿನ ನಡುವೆ ನಿಂತಿತು.

ಬಾನೆಟ್ಟು ಎತ್ತಿದರೆ ರೇಡಿಯೇಟರು ಚಹಾದಂಗಡಿಯ ಪಾತ್ರೆಯಂತೆ ಕುದಿಯುತ್ತಿತ್ತು. ನೀರಿನ ಕ್ಯಾನು ಮನೆಯ ಕಟ್ಟೆಯ ಮೇಲೆಯೇ ಉಳಿದಿತ್ತು. ಬಾಟಲಿಯಲ್ಲಿದ್ದ ಕುಡಿಯುವ ನೀರನ್ನು ಕಲ್ಲಪ್ಪ ಊರ ಹೊರಗಿನ ಕಮಾನು ದಾಟುವ ಮೊದಲೇ ಕುಡಿದು ಮುಗಿಸಿದ್ದ. ಸತ್ಯಬೋಧ ಹಳ್ಳ ಹುಡುಕುತ್ತ ಇಳಿಜಾರಿಗೆ ಹೋದ. ಕೆಸರು ಮೆತ್ತಿಕೊಂಡು ಬರಿಗೈಯಲ್ಲಿ ಮರಳಿ ಬರುವಷ್ಟರಲ್ಲಿ ಕಲ್ಲಪ್ಪ ಕೈ ಒರೆಸಿಕೊಳ್ಳುತ್ತಿದ್ದ.

"ಆತು ನೋಡ್ರಿ, ಹಾಕಿದ್ನಿ."

"ಏನ ಹಾಕಿದಿ?"

"ಮಜ್ಜಿಗಿ. ನೀರ ಅಲ್ಲೇನ್ರಿ ಅದೂ? ಮ್ಯಾಲಾಗಿ ತಂಪ."

ಸತ್ಯಬೋಧ ಖಾಲಿ ಕ್ಯಾನನ್ನು ಬೋರಲು ಹಾಕಿ ನೋಡಿದ. ಕ್ಷಣದಲ್ಲೇ ಜೀಪಿನ ಬಾಯಿಂದ ಇಂಗು, ಕರಿಬೇವಿನ ಒಗ್ಗರಣೆಯ ವಾಸನೆ ಎದ್ದು ಗುಡ್ಡವನ್ನೆಲ್ಲ ತುಂಬಿತು. ಬಂಡೆಯ ಮೇಲಿದ್ದ ಮಂಗಗಳು ಮೂಗು ಅರಳಿಸಿ ಸಾಲಾಗಿ ಇಳಿದು ಬಂದವು. ಅವುಗಳಲ್ಲೊಂದು ಬುತ್ತಿಯ ಗಂಟನ್ನೇ ಎತ್ತಿಕೊಂಡು ಹೋಗಿ ಎಲ್ಲರ ಕಣ್ಣೆದುರೇ ಚಪಾತಿ ಮಡಚಿ ತಿನ್ನತೊಡಗಿತು.

ಇನ್ನು ಸಾಹೇಬರು ಸಿಟ್ಟಿಗೇಳುವುದಷ್ಟೇ ಬಾಕಿ. ಸತ್ಯಬೋಧ ಕಣ್ಣು ಮುಚ್ಚಿದ. ಕಿವಿಗೆ ಬಿದ್ದದ್ದು ನಗು. ಬಸಯ್ಯ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಲೇ ಕಲ್ಲಪ್ಪ, ಜೀಪಿಗೆ ಮಜ್ಜಿಗಿ ಕುಡಸಿದ್ಯಲ್ಲೋ! ಇನ್ನ ಎಲಿ ಅಡಕಿ ಕೊಡು, ಮಲಗತೈತಿ!"

ಮಲಗಿಯೇ ಇತ್ತು. ಅಷ್ಟರಲ್ಲಿ ಚೊಳಚಗುಡ್ಡದ ಕಡೆಯಿಂದ ಮಹಾಕೂಟಕ್ಕೆ ಹೊರಟ ಟೆಂಪೋ ಬಂದು ನಿಂತು, ಅದರೊಳಗಿದ್ದವರೆಲ್ಲ ಇಳಿದು ಜೀಪನ್ನು ಸುತ್ತುವರಿದರು. ಒಬ್ಬ ಡೀಸೆಲ್ ಪೈಪಿನಲ್ಲಿ ಗಾಳಿ ಹೊಕ್ಕಿದೆ ಎಂದ. ಇನ್ನೊಬ್ಬ, ಗಾಳಿಯಲ್ಲ, ಕಸ ಎಂದ. ಅವರಿಬ್ಬರಿಗೂ ಅಲ್ಲೇ ಜಗಳ ಹತ್ತಿತು. ಮುದುಕಿಯೊಬ್ಬಳು ಸತ್ಯಬೋಧನನ್ನು ಮೇಲಿಂದ ಕೆಳಗೆ ನೋಡಿ, "ಗಾಡಿಗಿ ಏನೂ ಆಗಿಲ್ಲ ತಮ್ಮಾ, ನಿನಗ ದೃಷ್ಟಿ ಆಗೇತಿ" ಎಂದಳು. ಆ ಮಾತನ್ನು ಮಾತ್ರ ಸತ್ಯಬೋಧ ಒಳಗೊಳಗೇ ಒಪ್ಪಿಕೊಂಡ.

ಟೆಂಪೋದವರು ಕೊಟ್ಟ ಎರಡು ಕೊಡ ನೀರು ಸುರಿದು, ಇಂಜಿನ್ನು ತಣ್ಣಗಾದ ಮೇಲೆ ನೂಕಲು ನಿಂತರು. ಸಾಹೇಬರು ಬಿಳಿ ಬೂಟು ಕಳಚಿಟ್ಟು, ಪ್ಯಾಂಟು ಮೊಳಕಾಲಿಗೆ ಮಡಚಿಕೊಂಡು ತಾವೂ ಇಳಿದರು.

"ಸರ್, ನೀವು ಬ್ಯಾಡ್ರಿ! ನನ್ನ ಮಾನಾ ಹೋಗ್ತದ!"

"ಸುಮ್ನಿರ್ರಿ, ಸ್ಟೇರಿಂಗ್ ಹಿಡೀರಿ. ಕಾಲೇಜಿನ್ಯಾಗ ಹಗ್ಗ ಜಗ್ಗೂದ್ರಾಗ ನನ್ನ ಬಿಟ್ರ ಇದ್ದಿದ್ದಿಲ್ಲ!"

"ಹರ ಹರ ಮಹಾದೇವ!" ಎಂದು ಎಲ್ಲರೂ ಕೂಗಿ ನೂಕಿದರು. ಜೀಪು ಎದ್ದಿತು, ಏಳುವಾಗ ಹಿಂದಿದ್ದವರ ಮೇಲೆ ಮಸಿಯುಗುಳಿತು. ಸಾಹೇಬರ ಮುಖ ಇದ್ದಿಲ ಚೀಲದಿಂದ ಹೊರಬಂದಂತಾಯಿತು. ಅವರು ಅದೇ ಮುಖದಲ್ಲಿ ಜೀಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಮುಂದಿನ ಏರಿನಲ್ಲಿ ಸತ್ಯಬೋಧ ಮತ್ತೆ ಬಾಯಿ ತೆರೆದ. "ಸರ್, ಆಗ ಹೇಳಲಿಕ್ಕೆ ಹೊಂಟಿದ್ದೆ..." ಮತ್ತೆ ಡರ್ರ್. ಈ ಸಲ ನೂಕಲು ಟೆಂಪೋ ಇರಲಿಲ್ಲ. ಸಾಹೇಬರು, ಕಲ್ಲಪ್ಪ ಇಬ್ಬರೇ ನೂಕಿದರು. ನಿಜ ಹೇಳಬೇಕೆಂದರೆ ಸಾಹೇಬರೊಬ್ಬರೇ ನೂಕಿದರು. ಕಲ್ಲಪ್ಪ ಜೀಪಿಗೆ ಒರಗಿಕೊಂಡು ಹುಮ್ಮಸ್ಸು ತುಂಬಿದ.

ಅಂತೂ ಮಧ್ಯಾಹ್ನ ಹೊರಳುವ ಹೊತ್ತಿಗೆ ಗುಡ್ಡದ ನೆತ್ತಿ ಬಂತು. ಕೆಳಗೆ ಜೋಳದ ಹೊಲಗಳು, ದೂರದಲ್ಲಿ ಒಣಹಾಕಿದ ಧೋತರದ ಹಾಗೆ ಮಲಪ್ರಭೆ. ಸತ್ಯಬೋಧನಿಗೆ ಅದೊಂದೂ ಕಾಣಲಿಲ್ಲ. ಉಣ್ಣಿಸುವ ಹೊತ್ತು ಮೀರಿತ್ತು. ಮನೆಯಲ್ಲಿ ತಟ್ಟೆಯ ಮುಂದೆ ಬಾಯಿ ಬಿಗಿದು ಕೂತ ತಾಯಿಯೊಬ್ಬರೇ ಕಣ್ಣಿಗೆ ಕಟ್ಟಿದ್ದರು. ಜೀಪನ್ನು ಬಂದ್ ಮಾಡಿದ. ಇನ್ನು ಅದು ಅಡ್ಡ ಬರುವ ಹಾಗಿರಲಿಲ್ಲ. ಕಲ್ಲಪ್ಪ ದೂರದಲ್ಲಿ ಮಂಗಗಳಿಗೆ ಕಲ್ಲು ಬೀರುತ್ತಿದ್ದ.

ಸತ್ಯಬೋಧ ಎಲ್ಲ ಹೇಳಿದ. ಇಳಕಲ್ ಆದೇಶ, ತಾಯಿಯ ಮರೆವು, ಅಣ್ಣನೆಂದು ಕರೆಯುವುದು, ಅವನ ಕೈಯಿಂದಷ್ಟೇ ಉಣ್ಣುವುದು, ಹೊತ್ತುಹೊತ್ತಿಗೆ ಗುಳಿಗೆ ನುಂಗಿಸುವುದು. ಸಾಹೇಬರು ಕರಿ ಕನ್ನಡಕ ತೆಗೆದರು. ಮಸಿ ಮೆತ್ತಿದ ಮುಖದ ಮೇಲೆ ಎರಡು ಬಿಳಿ ಗೆರೆ ಇಳಿದವು.

"ಗುಳಿಗಿ ಸೈತ ನೀವ ಕೊಡ್ತೀರಿ?"

"ಹೌದ್ರಿ ಸರ್. ಮೂರೂ ಹೊತ್ತು."

"ಎಂಥಾ ಮನಶ್ಯಾರ್ರಿ ನೀವು!" ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ಇಳಕಲ್ ಚಿಂತಿ ಬಿಡ್ರಿ. ನಾ ಅದೇನಿ."

ಇಳಿಜಾರಿಗೆ ಬಿಟ್ಟೊಡನೆ ಎದ್ದ ಜೀಪು ಇಳಿಯುವಾಗ ಒಮ್ಮೆಯೂ ನಿಲ್ಲಲಿಲ್ಲ. ತಿರುವು ತಿರುವಿನಲ್ಲಿ ತಂಗಾಳಿ ಮುಖಕ್ಕೆ ಬಡಿಯಿತು. ತಂದೆಯ ಪಕ್ಕದಲ್ಲಿ ಕೂತು ಇದೇ ಜೀಪಿನಲ್ಲಿ ಹಳ್ಳಿಗಳನ್ನು ಸುತ್ತಿದ್ದು ಸತ್ಯಬೋಧನಿಗೆ ನೆನಪಾಯಿತು. ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಗಿತ್ತು. ಕಲ್ಲಪ್ಪ ಹಿಂದಿನಿಂದ, "ನಾ ಮಜ್ಜಿಗಿ ಹಾಕಿದ್ದಕ್ಕ ಹಿಂಗ ಓಡಾಕತ್ತೈತಿ" ಎಂದಾಗಲೂ ಸಿಟ್ಟು ಬರಲಿಲ್ಲ.

ಮನೆಗೆ ಬಂದವನೇ ಕೈಕಾಲು ತೊಳೆದು ತಾಯಿಯ ಮುಂದೆ ಕೂತ. ಅವರು ಅಮಿತಾ ಕೊಟ್ಟ ತುತ್ತನ್ನೆಲ್ಲ ಕೊಡವಿ ನೆಲಕ್ಕೆ ಹಾಕಿದ್ದರು. ಈಗ ಅನ್ನ ಕಲಸಿ ಕೊಟ್ಟರೆ ಸುಮ್ಮನೆ ಬಾಯಿ ತೆರೆದರು. ಅರ್ಧ ಊಟವಾಗಿತ್ತು, ಆಗ ಫೋನು ಬಂತು. ಎಡಗೈಯಿಂದ ಎತ್ತಿದ.

"ಸತ್ಯಬೋಧ, ಮ್ಯಾಲಿನವರ ಜೋಡಿ ಮಾತಾಡಿದ್ನಿ. ಇಳಕಲ್ ಕ್ಯಾನ್ಸಲ್!"

"ಸರ್!" ಸತ್ಯಬೋಧ ತಟ್ಟೆಯ ಮುಂದೆಯೇ ಎದ್ದು ನಿಂತ. "ನಿಮ್ಮ ಉಪಕಾರ ಈ ಜನ್ಮದಾಗ..."

"ಪೂರ್ತಿ ಕೇಳ್ರಿ. ನನಗ ಪ್ರಮೋಷನ್ ಆಗೇತಿ, ಬೀದರಕ್ಕ. ಮದ್ಲ ಗೊತ್ತಿತ್ತು, ಯಾರಿಗೂ ಹೇಳಿದ್ದಿಲ್ಲ. ಹೋಗೂದ್ರಾಗ ಗುಡ್ಡಾ ಒಂದು ನೋಡಿಬಿಡೂಣು ಅನಿಸಿತ್ತು. ನಮ್ಮ ಮನಿಯವ್ರು ಧಾರವಾಡ ಬಿಟ್ಟು ಬರೂದಿಲ್ಲ ಅಂತಾರ. ನನಗರ ಶುಗರ್, ಬೀಪಿ. ಹೊತ್ತಿಗಿ ಊಟಾ ಮಾಡಸವ್ರಿಲ್ಲ, ಗುಳಿಗಿ ನೆನಪು ಮಾಡವ್ರಿಲ್ಲ. ಯಾರನ್ನ ಕರಕೊಂಡು ಹೋಗ್ಲಿ ಅಂತ ತಲಿ ಕೆಟ್ಟಿತ್ತು. ಇವತ್ತ ಗುಡ್ಡದ ಮ್ಯಾಲೆ ನಿಮ್ಮ ಮಾತು ಕೇಳಿ ಕಣ್ಣಾಗ ನೀರು ಬಂತು ನೋಡ್ರಿ. ಹೆತ್ತ ತಾಯಿನ್ನ ಇಷ್ಟು ಜೋಪಾನ ಮಾಡಾವ್ರು ಈಗಿನ ಕಾಲದಾಗ ಎಲ್ಲಿ ಸಿಗತಾರ? ಕಲ್ಲಪ್ಪನೂ ಹೇಳಿದ, ಇಂಥಾ ಮನಶ್ಯಾ ಇನ್ನೊಬ್ಬ ಇಲ್ಲಂತ. ನಿಮ್ಮನ್ನ ನನ್ನ ಆಫೀಸಿಗೇ ಹಾಕಿಸಿಕೊಂಡೇನಿ."

ಸತ್ಯಬೋಧನ ಬಲಗೈಯ ಅನ್ನ ಒಣಗತೊಡಗಿತ್ತು. "ಬೀದರಕ್ಕರಿ?"

"ಹೂಂ ಮತ್ತ. ತಾಯಿನ್ನೂ ಕರಕೊಂಡು ಬರ್ರಿ. ಗಾಳಿ ಬದಲಾದ್ರ ಆರಾಮ ಆಗತಾರ. ಏನೂ ಅನಮಾನ ಮಾಡಬ್ಯಾಡ್ರಿ, ಆರ್ಡರ್ ನಾಳೆ ಬರತೈತಿ. ಖುಷಿ ಆತಿಲ್ಲೋ?"

"ಆತ್ರಿ ಸರ್" ಎಂದ ಸತ್ಯಬೋಧ. ಇಳಕಲ್ ಸಂಜೆಗಾದರೂ ಮನೆ ಸೇರುವ ದಾರಿ. ಬೀದರೆಂದರೆ ರಾತ್ರಿಯಿಡೀ ಬಸ್ಸು.

ಅಡುಗೆಮನೆಯ ಬಾಗಿಲಲ್ಲಿ ಅಮಿತಾ ಉಸಿರು ಹಿಡಿದು ನಿಂತಿದ್ದಳು. "ಸಾಹೇಬರ ಫೋನೇನು? ಏನಂದ್ರು?"

"ಇಳಕಲ್... ಕ್ಯಾನ್ಸಲ್ ಆತು."

ಅಮಿತಾ ಎರಡೂ ಕೈ ಮುಗಿದಳು. ಕಂಪೌಂಡ್ ಗೋಡೆಯ ಮೇಲಿಂದ, "ಜೋಹರಾ, ಆತವ್ವಾ, ಕ್ಯಾನ್ಸಲ್ ಆತು!" ಎಂದು ಕೂಗಿದಳು. ಆಚೆಯಿಂದ ಜೋಹರಾ, "ಅಲ್ಲಾನ ದಯಾ! ಇನ್ನ ನಿಶ್ಚಿಂತಿ ಉಣ್ರಿ" ಎಂದಳು. ಅಮಿತಾ ಒಳಗೆ ಓಡಿಹೋಗಿ ಸಕ್ಕರೆ ಡಬ್ಬಿಯನ್ನೇ ಹಿಡಿದು ತಂದಳು. ಅತ್ತೆಯ ನಾಲಿಗೆಯ ಮೇಲೆ ಚಿಟಿಕೆ ಸಕ್ಕರೆ ಇಟ್ಟಳು. ಅವರು ಏನು, ಯಾಕೆ ಎಂದು ಕೇಳದೆ ಚಪ್ಪರಿಸಿ ನಕ್ಕರು.

"ಅಮಿತಾ, ಇಲ್ಲಿ ಕೇಳು..." ಎಂದು ಸತ್ಯಬೋಧ ಬಾಯಿ ತೆರೆದ.

ಅವಳು ನಗುತ್ತ, ಅವನ ತೆರೆದ ಬಾಯಿಗೆ ಹಿಡಿತುಂಬ ಸಕ್ಕರೆ ಹಾಕಿದಳು.